ಮನಸ್ಸಿನ ಭಾರ ಇಳಿಸುವ ಮನೆ

ಧಾರವಾಡದ ಸಪ್ತಾಪುರವನ್ನು ಬಲ್ಲವರಿಗೆ ಅಲ್ಲಿನ ಬೆಳಗಿನ ನೋಟ ಹೊಸದೇನಲ್ಲ. ಹೆಗಲಿಗೆ ಪುಸ್ತಕದ ಚೀಲ ಹಾಕಿಕೊಂಡ ತರುಣ ತರುಣಿಯರು ಸಪ್ತಾಪುರ ಬಾವಿಯ ಸುತ್ತಲಿನ ಓಣಿಗಳಿಂದ ಹೊರಟು ತರಬೇತಿ ಕೇಂದ್ರಗಳತ್ತಲೂ ವಾಚನಾಲಯಗಳತ್ತಲೂ ನಡೆಯುತ್ತಾರೆ. ಗೋಡೆಗಳ ಮೇಲೆ ಕೆ.ಎ.ಎಸ್., ಪಿ.ಎಸ್.ಐ., ಪಿ.ಡಿ.ಒ., ಬ್ಯಾಂಕು, ರೈಲ್ವೆ ಪರೀಕ್ಷೆಗಳ ಫಲಕಗಳು. ಮನೆಗಳ ಬಾಗಿಲಲ್ಲಿ 'ಖೋಲಿ ಬಾಡಿಗೆಗೆ ಇದೆ' ಎಂಬ ಸೂಚನೆ. ವಿಜಯಪುರ, ಬಾಗಲಕೋಟೆ, ಕೊಪ್ಪಳ, ರಾಯಚೂರು, ಹಾವೇರಿ, ಗದಗ ಮೊದಲಾದ ಜಿಲ್ಲೆಗಳ ಮಕ್ಕಳು ಬಹುಕಾಲದಿಂದ ವಿದ್ಯೆಯನ್ನರಸಿ ಧಾರವಾಡಕ್ಕೆ ಬಂದವರು. ಕರ್ನಾಟಕ ಕಾಲೇಜು 1917ರಿಂದ ಹಚ್ಚಿಟ್ಟ ದೀಪ ಅದು. ಇಂದು ಆ ಮಕ್ಕಳಲ್ಲಿ ಬಹಳಷ್ಟು ಜನ ಪದವಿ ಮುಗಿಸಿ, ಒಂದು ಸರಕಾರಿ ಹುದ್ದೆಯ ನಿರೀಕ್ಷೆಯಲ್ಲಿ ವರ್ಷಗಟ್ಟಲೆ ಇಲ್ಲಿಯೇ ನಿಂತಿದ್ದಾರೆ.

ಸಪ್ತಾಪುರದ ಪ್ರತಿಯೊಂದು ಖೋಲಿಯ ಹಿಂದೆ ಒಂದು ಕುಟುಂಬವಿದೆ. ಊರಿನಲ್ಲಿ ಹೊಲದ ಉತ್ಪನ್ನವನ್ನೋ ತಿಂಗಳ ಪಗಾರವನ್ನೋ ಎರಡು ಭಾಗ ಮಾಡಿ ಒಂದು ಭಾಗವನ್ನು ಇಲ್ಲಿಗೆ ಕಳುಹಿಸುವ ತಂದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಬುತ್ತಿ ಕೊಟ್ಟು ಕಳುಹಿಸುವ ತಾಯಿ. ಅಣ್ಣನ ಓದು ಮುಗಿಯಲೆಂದು ತನ್ನ ಓದಿಗೆ ತಡೆಹಾಕಿಕೊಂಡ ತಂಗಿ. ಪರೀಕ್ಷೆ ಬರೆಯುವವನು ಒಬ್ಬ. ಆದರೆ ಅದರ ಒತ್ತಡವನ್ನು ಹೊರುವವರು ಮನೆಯವರೆಲ್ಲರೂ. ನಮ್ಮ ಕ್ರೈಸ್ತ ಕುಟುಂಬಗಳೂ ಇದಕ್ಕೆ ಹೊರತಲ್ಲ. ಆದುದರಿಂದ ಒತ್ತಡ ಎಂದರೇನು, ಮನೆಯಲ್ಲಿ ಅದು ಹೇಗೆ ಬೆಳೆಯುತ್ತದೆ, ಅದನ್ನು ಇಳಿಸಲು ಮನೆಯವರಿಂದ ಏನು ಸಾಧ್ಯ ಎಂಬುದನ್ನು ಸಪ್ತಾಪುರವನ್ನು ಕಣ್ಣೆದುರಿಗೆ ಇಟ್ಟುಕೊಂಡು ವಿಚಾರ ಮಾಡೋಣ.

ಒತ್ತಡವೆಲ್ಲವೂ ರೋಗವಲ್ಲ

ಕೆನಡಾದಲ್ಲಿ ಸಂಶೋಧನೆ ನಡೆಸಿದ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಚಿಕ್ಕ ಲೇಖನವನ್ನು ಪ್ರಕಟಿಸಿದರು. ಶರೀರಕ್ಕೆ ಯಾವುದೇ ರೀತಿಯ ಪೆಟ್ಟು ಬಿದ್ದರೂ ಅದು ಒಂದೇ ಕ್ರಮದಲ್ಲಿ ಪ್ರತಿಕ್ರಿಯಿಸುತ್ತದೆ ಎಂಬುದು ಅವರ ಶೋಧನೆಯ ಸಾರ. ಮೊದಲು ಶರೀರ ಎಚ್ಚೆತ್ತುಕೊಳ್ಳುತ್ತದೆ. ಬಳಿಕ ಎದುರಿಸಿ ನಿಲ್ಲುತ್ತದೆ. ಪೆಟ್ಟು ನಿಲ್ಲದೆ ಮುಂದುವರಿದರೆ ಕೊನೆಗೆ ಬಳಲಿ ಸೋಲುತ್ತದೆ. ಇಂದು ನಾವು 'ಒತ್ತಡ' ಎಂದು ಕರೆಯುವ ಮಾತಿಗೆ ವೈದ್ಯಕೀಯ ಅರ್ಥ ಬಂದುದು ಹೆಚ್ಚಾಗಿ ಇವರ ಬರಹಗಳಿಂದ.

ಹಾವು ಕಂಡೊಡನೆ ಎದೆ ಹೊಡೆದುಕೊಳ್ಳುತ್ತದೆ, ಉಸಿರು ವೇಗವಾಗುತ್ತದೆ, ಕಾಲಿಗೆ ಬಲ ಬರುತ್ತದೆ. ಇದು ದೇವರು ಕೊಟ್ಟ ರಕ್ಷಣೆ. ಹಾವು ಸರಿದುಹೋದ ಮೇಲೆ ಶರೀರ ತಾನಾಗಿ ಶಾಂತವಾಗುತ್ತದೆ. ಆದರೆ ಬಾರದ ಫಲಿತಾಂಶ, ತೀರದ ಸಾಲ, ನಿಶ್ಚಯವಾಗದ ಮದುವೆ, ಹಾಸಿಗೆ ಹಿಡಿದ ಹಿರಿಯರ ಆರೈಕೆ ಇವು ಹಾವಿನಂತೆ ಸರಿದುಹೋಗುವುದಿಲ್ಲ. ಶರೀರ ಹಗಲೂ ರಾತ್ರಿಯೂ ಕಾವಲು ನಿಂತಿರುತ್ತದೆ. ಆಗ ನಿದ್ರೆ ಕೆಡುತ್ತದೆ, ಹಸಿವು ತಪ್ಪುತ್ತದೆ, ತಲೆನೋವು ಮತ್ತು ಹೊಟ್ಟೆಯ ತೊಂದರೆ ಕಾಣಿಸಿಕೊಳ್ಳುತ್ತವೆ, ಸಣ್ಣ ಮಾತಿಗೆ ದೊಡ್ಡ ಸಿಟ್ಟು ಬರುತ್ತದೆ.

ಸ್ವಲ್ಪ ಒತ್ತಡವಿಲ್ಲದೆ ಯಾವ ಕೆಲಸವೂ ಸಾಗದು ಎಂಬುದೂ ನಿಜ. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇಲಿಗಳ ಮೇಲೆ ನಡೆಸಿದ ಪ್ರಯೋಗ ಪ್ರಸಿದ್ಧವಾಗಿದೆ. ಪ್ರಚೋದನೆ ಹೆಚ್ಚಿದಂತೆ ಕಲಿಕೆ ಒಂದು ಹಂತದವರೆಗೆ ಚುರುಕಾಗುತ್ತದೆ. ಆ ಹಂತ ದಾಟಿದರೆ, ಕಠಿಣವಾದ ಕೆಲಸಗಳಲ್ಲಿ ಅದು ಕುಗ್ಗುತ್ತದೆ ಎಂಬುದು ಅದರಿಂದ ತಿಳಿದುಬಂದ ಸಂಗತಿ. ನಮ್ಮ ರೈತರಿಗೆ ಇದನ್ನು ಪ್ರಯೋಗಾಲಯ ಕಲಿಸಬೇಕಾಗಿಲ್ಲ. ನೊಗ ಹೂಡದ ಎತ್ತು ಉಳುವುದಿಲ್ಲ. ಸಂಜೆಗೆ ನೊಗ ಇಳಿಸದ ಎತ್ತು ಮರುದಿನ ಏಳುವುದಿಲ್ಲ. ಹಾಗಾದರೆ ದುಡಿಯುವ ತಂದೆಗೆ, ಮನೆ ನಡೆಸುವ ತಾಯಿಗೆ, ಓದುವ ಮಗನಿಗೆ ದಿನದ ಯಾವ ಹೊತ್ತಿನಲ್ಲಿ ನೊಗ ಇಳಿಯುತ್ತದೆ? ಪ್ರತಿಯೊಂದು ಕುಟುಂಬವೂ ತನಗೆ ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.

ಕಷ್ಟಕ್ಕಿಂತ ಅನಿಶ್ಚಿತತೆ ಭಾರ

ಸಪ್ತಾಪುರದ ಅಭ್ಯರ್ಥಿಗಳನ್ನು ಬಳಲಿಸುವುದು ಓದು ಮಾತ್ರವಲ್ಲ. ಓದಿದ್ದಕ್ಕೆ ಫಲ ಯಾವಾಗ ದೊರೆಯುತ್ತದೆ ಎಂಬುದು ಗೊತ್ತಿಲ್ಲದಿರುವುದು. ಎರಡು ಉದಾಹರಣೆಗಳನ್ನು ನೋಡಬಹುದು. 545 ಪಿ.ಎಸ್.ಐ. ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಲಿಖಿತ ಪರೀಕ್ಷೆ ನಡೆಯಿತು. ಅಕ್ರಮಗಳು ಬಯಲಾಗಿ 2022ರ ಏಪ್ರಿಲ್‌ನಲ್ಲಿ ಆ ನೇಮಕಾತಿ ರದ್ದಾಯಿತು. ಮರುಪರೀಕ್ಷೆ ನಡೆದುದು 2024ರ ಜನವರಿ 23ರಂದು. ಪ್ರಾಮಾಣಿಕವಾಗಿ ಓದಿ ಬರೆದಿದ್ದ ಅಭ್ಯರ್ಥಿಯೂ ಎರಡು ವರ್ಷಗಳಿಗಿಂತ ಹೆಚ್ಚು ಕಾಲ ಕಾಯಬೇಕಾಯಿತು. ಇನ್ನೊಂದು, ಲೋಕಸೇವಾ ಆಯೋಗವು 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ನಡೆಸಿದ ಪೂರ್ವಭಾವಿ ಪರೀಕ್ಷೆ. ಕನ್ನಡ ಅನುವಾದದ ದೋಷಗಳಿಂದಾಗಿ ಅದನ್ನು ಡಿಸೆಂಬರ್ 29ರಂದು ಮತ್ತೆ ನಡೆಸಬೇಕಾಯಿತು. ಆಗಲೂ ಅನುವಾದದ ಬಗ್ಗೆ ದೂರುಗಳು ಬಂದವು.

ಇಂತಹ ಸಂದರ್ಭದಲ್ಲಿ ಮನೆಗೆ ಬಂದ ಮಗನನ್ನು ನೆರೆಯವರು 'ಇನ್ನೂ ಆಗಲಿಲ್ಲವೇ?' ಎಂದು ಕೇಳುತ್ತಾರೆ. ವಿಳಂಬವಾದುದು ವ್ಯವಸ್ಥೆಯಲ್ಲಿ, ಆದರೆ ನಾಚಿಕೆ ಪಡುವವನು ಮನೆಯ ಮಗ. ಹೆಣ್ಣುಮಕ್ಕಳ ಪಾಡು ಇನ್ನೂ ಇಕ್ಕಟ್ಟಿನದು. 'ಇದೊಂದು ವರ್ಷ ನೋಡೋಣ, ಆಮೇಲೆ ಮದುವೆ' ಎಂದು ಗಡುವು ಹಾಕಿ ಕಳುಹಿಸಿದ ಮೇಲೆ, ಆ ವರ್ಷದಲ್ಲಿ ಅಧಿಸೂಚನೆಯೇ ಹೊರಡದಿದ್ದರೆ ಆಕೆ ಯಾರ ಮುಂದೆ ಹೇಳಿಕೊಳ್ಳಬೇಕು? ಮಕ್ಕಳ ಸೋಮಾರಿತನವನ್ನೂ ಕಾಲದ ವಿಳಂಬವನ್ನೂ ಬೇರೆ ಬೇರೆಯಾಗಿ ನೋಡುವ ವಿವೇಕ ತಂದೆತಾಯಿಗಳಿಗೆ ಮೊದಲು ಬೇಕು.

ಅರಿಯದೆ ಭಾರ ಹೆಚ್ಚಿಸುವ ಮೂರು ರೂಢಿಗಳು

ಮಕ್ಕಳನ್ನು ಪ್ರೀತಿಸದ ತಂದೆತಾಯಿಗಳು ವಿರಳ. ಆದರೂ ಪ್ರೀತಿಯಿಂದಲೇ ನಾವು ಕೆಲವು ರೂಢಿಗಳನ್ನು ಬೆಳೆಸಿಕೊಂಡಿದ್ದೇವೆ.

ಮೊದಲನೆಯದು, ಲೆಕ್ಕ ಕೇಳುವ ರೂಢಿ. ವಾರಕ್ಕೊಮ್ಮೆ ಬರುವ ಫೋನಿನಲ್ಲಿ ತಂದೆಯ ಮೊದಲ ಮಾತು, 'ರಿಸಲ್ಟ್ ಏನಾತಪಾ?' ಎಂದಾದರೆ ಮಗನಿಗೆ ಆ ಫೋನು ಇನ್ನೊಂದು ಪರೀಕ್ಷೆಯಂತೆ ತೋರುತ್ತದೆ. ಕ್ರಮೇಣ ಅವನು ಫೋನು ಎತ್ತುವುದನ್ನೇ ಕಡಿಮೆ ಮಾಡುತ್ತಾನೆ. 'ಮಗ ಬದಲಾದ' ಎಂದು ಮನೆಯವರು ನೊಂದುಕೊಳ್ಳುತ್ತಾರೆ. ಇಬ್ಬರ ನಡುವೆ ಪ್ರೀತಿ ಇದೆ. ಮಾತಿಗೆ ಮಾತ್ರ ದಾರಿ ಇಲ್ಲ.

ಎರಡನೆಯದು, ಹೋಲಿಸುವ ರೂಢಿ. 'ನಿನ್ನ ಜೊತೆ ಓದಿದವನು ಈಗ ತಹಶೀಲ್ದಾರ' ಎಂಬ ಮಾತು ಹುರುಪು ಕೊಡುತ್ತದೆಂದು ಹಿರಿಯರು ಭಾವಿಸುತ್ತಾರೆ. ಕೇಳುವವನ ಕಿವಿಗೆ ಅದು 'ನೀನು ಸಾಲದು' ಎಂದೇ ಕೇಳಿಸುತ್ತದೆ. ಗೆದ್ದವನ ಹೆಸರು ಓಣಿಯ ಫಲಕದ ಮೇಲೆ ಬರುತ್ತದೆ; ಅದೇ ಪರೀಕ್ಷೆ ಬರೆದು ಆಯ್ಕೆಯಾಗದ ಸಾವಿರಾರು ಜನರ ಹೆಸರು ಎಲ್ಲಿಯೂ ಬರುವುದಿಲ್ಲ ಎಂಬುದನ್ನು ಮರೆಯಬಾರದು.

ಮೂರನೆಯದು, ಮುಚ್ಚಿಡುವ ರೂಢಿ. ಮಗನ ಓದಿಗೆ ತೊಂದರೆಯಾದೀತೆಂದು ತಂದೆ ಸಾಲದ ಸಂಗತಿಯನ್ನು ಮುಚ್ಚಿಡುತ್ತಾನೆ. ತಂದೆಗೆ ನೋವಾದೀತೆಂದು ಮಗ ಎರಡು ತಿಂಗಳಿಂದ ನಿದ್ರೆಯಿಲ್ಲವೆಂಬುದನ್ನು ಮುಚ್ಚಿಡುತ್ತಾನೆ. ಇಬ್ಬರಿಗೂ ತಿಳಿದಿದ್ದು ಇಬ್ಬರಿಗೂ ಹೇಳದೆ ತಾಯಿ ತನ್ನೊಳಗೇ ನುಂಗುತ್ತಾಳೆ. ಹೀಗೆ ಹಂಚಿಕೊಂಡರೆ ಹಗುರಾಗುತ್ತಿದ್ದ ಒಂದು ಭಾರವನ್ನು ಮೂವರೂ ಬೇರೆ ಬೇರೆಯಾಗಿ, ಪೂರ್ತಿಯಾಗಿ ಹೊರುತ್ತಾರೆ.

ಎಲೀಯನಿಗೆ ದೊರೆತ ಉಪಚಾರ

ಪವಿತ್ರ ಗ್ರಂಥದಲ್ಲಿ, ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯದಲ್ಲಿ ಒಂದು ಪ್ರಸಂಗವಿದೆ. ಪ್ರವಾದಿ ಎಲೀಯ ಮಹತ್ಕಾರ್ಯವನ್ನು ಮಾಡಿ ಮುಗಿಸಿದವನು. ಆದರೂ ರಾಣಿಯ ಬೆದರಿಕೆಗೆ ಅಂಜಿ ಅಡವಿಗೆ ಓಡಿಹೋಗಿ, ಒಂದು ಗಿಡದ ಕೆಳಗೆ ಕುಳಿತು, ಬದುಕು ಸಾಕೆಂದು ದೇವರಲ್ಲಿ ಮರಣವನ್ನು ಬೇಡಿದನು. ಬೇಡುತ್ತ ಬೇಡುತ್ತ ಅಲ್ಲಿಯೇ ನಿದ್ರೆಹೋದನು.

ಆಗ ಬಂದ ದೇವದೂತನು ಎಲೀಯನನ್ನು ಗದರಿಸಲಿಲ್ಲ. ವಿಶ್ವಾಸ ಕಡಿಮೆಯಾಯಿತೆಂದು ಹೇಳಲಿಲ್ಲ. ಇತರ ಪ್ರವಾದಿಗಳೊಡನೆ ಹೋಲಿಸಲಿಲ್ಲ. ಮೈಮುಟ್ಟಿ ಎಬ್ಬಿಸಿ, ಊಟ ಮಾಡೆಂದನು. ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿಯೂ ಒಂದು ತಂಬಿಗೆ ನೀರೂ ಇದ್ದವು. ಎಲೀಯ ಉಂಡು ಮತ್ತೆ ಮಲಗಿದನು. ದೂತನು ಎರಡನೆಯ ಸಲವೂ ಬಂದು ಅದನ್ನೇ ಮಾಡಿದನು. ಮುಂದಿನ ದಾರಿ ದೂರವಿದೆ ಎಂಬ ಮಾತನ್ನು ಆಡಿದ್ದು ಆಮೇಲೆ. ದೇವರು ಅವನೊಡನೆ ಸಂಭಾಷಿಸಿ ಕೆಲಸವನ್ನು ಒಪ್ಪಿಸಿದ್ದು ಇನ್ನೂ ಅನಂತರ.

ಬಳಲಿದ ಮನಸ್ಸಿಗೆ ಉಪಚಾರ ಮಾಡುವ ಕ್ರಮವನ್ನು ಈ ಪ್ರಸಂಗ ತೋರಿಸುತ್ತದೆ. ಮೊದಲು ಅನ್ನ, ನಿದ್ರೆ, ಹತ್ತಿರದಲ್ಲಿ ಒಬ್ಬರು. ಬುದ್ಧಿವಾದ ಕೊನೆಗೆ. ನಾವೋ ಅನೇಕ ಸಲ ಬುದ್ಧಿವಾದದಿಂದಲೇ ಆರಂಭಿಸುತ್ತೇವೆ. ಊರಿನಿಂದ ಬುತ್ತಿ ಕಳುಹಿಸುವ ತಾಯಿ 'ಊಟ ಆತೇನೋ ತಮ್ಮಾ? ರಾತ್ರಿ ನಿದ್ದಿ ಬಂತಿಲ್ಲೋ?' ಎಂದು ಕೇಳುವಾಗ ತನಗರಿವಿಲ್ಲದೆಯೇ ಆ ದೇವದೂತನ ಕ್ರಮವನ್ನು ಅನುಸರಿಸುತ್ತಾಳೆ.

ಮನೆಯಲ್ಲಿ ಮಾಡಬಹುದಾದುದು

ಮನಸ್ಸಿನ ಆರೋಗ್ಯಕ್ಕೆ ದೊಡ್ಡ ವೆಚ್ಚ ಬೇಕಾಗಿಲ್ಲ. ಕೆಲವು ಸಣ್ಣ ನಿಯಮಗಳು ಬೇಕು.

ಫೋನಿನ ಮಾತಿನಲ್ಲಿ ಫಲಿತಾಂಶದ ವಿಷಯವನ್ನು ಮಕ್ಕಳೇ ತೆಗೆಯುವವರೆಗೆ ನಾವು ತೆಗೆಯದಿರೋಣ. ಊರಿನ ಮಳೆ, ಹಬ್ಬ, ಕರು ಹಾಕಿದ ಹಸು, ಅಜ್ಜಿಯ ಮಂಡಿನೋವು ಇವೂ ಮಾತಿನ ವಿಷಯಗಳೇ. ಹುದ್ದೆ ದೊರೆತರೂ ದೊರೆಯದಿದ್ದರೂ ಆ ಮನೆಯಲ್ಲಿ ತನಗೆ ಸ್ಥಾನವುಂಟು ಎಂಬ ಭರವಸೆ ಇಂತಹ ಮಾತುಗಳಿಂದಲೇ ಮೂಡುತ್ತದೆ.

ಎಷ್ಟು ವರ್ಷ ಪ್ರಯತ್ನಿಸುವುದು, ಎಷ್ಟು ಹಣ ಒದಗಿಸಲು ಸಾಧ್ಯ, ಆಗದಿದ್ದರೆ ಮುಂದಿನ ದಾರಿ ಯಾವುದು ಎಂಬುದನ್ನು ಮನೆಯವರೆಲ್ಲರೂ ಕೂಡಿ ಒಮ್ಮೆ ಬಿಚ್ಚುಮನಸ್ಸಿನಿಂದ ನಿರ್ಧರಿಸಬೇಕು. ಆ ಮಾತುಕತೆ ಸೋಲಿನ ದಿನ ಆಗಬಾರದು. ಶಾಂತವಾದ ದಿನ ಆಗಬೇಕು. ಎರಡನೆಯ ದಾರಿಯೊಂದು ಇದೆಯೆಂದು ತಿಳಿದವನು ಮೊದಲನೆಯ ದಾರಿಯಲ್ಲಿ ಅಂಜಿಕೆಯಿಲ್ಲದೆ ನಡೆಯುತ್ತಾನೆ. ಸಾಲದ ಸಂಗತಿಯನ್ನೂ ದೊಡ್ಡ ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ. ತಿಳಿದ ಕಷ್ಟಕ್ಕಿಂತ ಊಹಿಸಿದ ಕಷ್ಟ ದೊಡ್ಡದು.

ನಿದ್ರೆಯನ್ನು ಕದ್ದು ಓದುವುದು ಲಾಭವಲ್ಲ. ಹಗಲು ಓದಿದ್ದನ್ನು ನೆನಪಿನಲ್ಲಿ ನೆಲೆಗೊಳಿಸುವ ಕೆಲಸವನ್ನು ಮಿದುಳು ನಿದ್ರೆಯಲ್ಲಿ ಮಾಡುತ್ತದೆ. ರಾತ್ರಿ ಎರಡು ಗಂಟೆಯವರೆಗೆ ಚಹಾ ಕುಡಿಯುತ್ತ ಓದಿದವನನ್ನು ಹೊಗಳುವ ಬದಲು, ವೇಳೆಗೆ ಸರಿಯಾಗಿ ಮಲಗುವುದನ್ನು ಕಲಿಸೋಣ. ದಿನಕ್ಕೆ ಅರ್ಧ ತಾಸು ನಡಿಗೆಯೂ ಅಷ್ಟೇ ಅವಶ್ಯ. ಗಿಡಮರಗಳ ನೆರಳಿಗೆ ಧಾರವಾಡದಲ್ಲಿ ಇನ್ನೂ ಕೊರತೆಯಿಲ್ಲ.

ಮನೆಯ ತಾಯಿಯನ್ನೂ ಮರೆಯಬಾರದು. ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕೊನೆಗೆ ಮಲಗುವ ಆಕೆಗೆ ನೊಗ ಇಳಿಸುವ ಹೊತ್ತೇ ಇಲ್ಲ. ರಾತ್ರಿಯ ಪಾತ್ರೆಗಳನ್ನು ಮಗ ತೊಳೆದರೆ, ಭಾನುವಾರದ ಅಡುಗೆಯಲ್ಲಿ ಗಂಡ ಕೈಜೋಡಿಸಿದರೆ ಅದು ಉಪಕಾರವಲ್ಲ, ನ್ಯಾಯ. ಅನುಮತಿ ಕೇಳುವುದು, ಕೃತಜ್ಞತೆ ಹೇಳುವುದು, ಕ್ಷಮೆ ಬೇಡುವುದು ಈ ಮೂರು ಸಣ್ಣ ಮಾತುಗಳನ್ನು ಮನೆಯೊಳಗೆ ಬಳಸಿರೆಂದು ದಿವಂಗತ ಪೋಪ್ ಫ್ರಾನ್ಸಿಸರು ಕುಟುಂಬಗಳಿಗೆ ಮತ್ತೆ ಮತ್ತೆ ಹೇಳುತ್ತಿದ್ದರು. ಆ ಮಾತುಗಳಿಗೆ ಹಣ ತಗಲುವುದಿಲ್ಲ.

ಖೋಲಿ ಕೊಟ್ಟವರ ಪಾಲು

ಸಪ್ತಾಪುರದಲ್ಲಿ ಖೋಲಿಗಳನ್ನು ಬಾಡಿಗೆಗೆ ಕೊಟ್ಟ ಮನೆಯವರಿಗೂ ಇಲ್ಲಿ ಒಂದು ಪಾಲಿದೆ. ಬೆಲ್ಜಿಯಂ ದೇಶದ ಗೀಲ್ ಎಂಬ ಊರು ಇದಕ್ಕೆ ಮಾದರಿ. ಮನೋರೋಗಿಗಳ ಪಾಲಕಿಯೆಂದು ಧರ್ಮಸಭೆ ಗೌರವಿಸುವ ಸಂತ ಡಿಂಫ್ನಾಳ ದೇವಾಲಯಕ್ಕೆ ಮಧ್ಯಯುಗದಿಂದಲೂ ರೋಗಿಗಳು ಯಾತ್ರೆ ಬರುತ್ತಿದ್ದರು. ಅವರೆಲ್ಲರಿಗೂ ಸ್ಥಳ ಸಾಲದೆ ಊರಿನ ಮನೆಗಳವರು ಅವರನ್ನು ತಮ್ಮಲ್ಲಿ ಇರಿಸಿಕೊಳ್ಳತೊಡಗಿದರು. ಮನೆಯವರೊಡನೆ ಉಂಡು, ಕೈಲಾದ ಕೆಲಸ ಮಾಡಿಕೊಂಡು, ಅನೇಕರು ಅಲ್ಲಿಯೇ ವರ್ಷಗಟ್ಟಲೆ ಬಾಳಿದರು. 1930ರ ದಶಕದ ಕೊನೆಗೆ ಇಂತಹವರ ಸಂಖ್ಯೆ ಮೂರೂವರೆ ಸಾವಿರವನ್ನು ಮೀರಿತ್ತು. ಈ ಪರಂಪರೆಗೆ 2023ರಲ್ಲಿ ಯುನೆಸ್ಕೋ ಮನ್ನಣೆಯೂ ದೊರೆಯಿತು. ಆ ಗೃಹಸ್ಥರು ವೈದ್ಯರಾಗಿರಲಿಲ್ಲ. ತಮ್ಮ ಸೂರಿನ ಕೆಳಗಿದ್ದವನು ಉಂಡನೇ, ಮಲಗಿದನೇ ಎಂಬುದನ್ನು ಗಮನಿಸುವ ಮನೆಯವರಾಗಿದ್ದರು.

ನಮ್ಮಲ್ಲಿ ಖೋಲಿ ಹಿಡಿದವರು ರೋಗಿಗಳಲ್ಲ; ವಿದ್ಯಾರ್ಥಿಗಳು. ಆದರೂ ಎರಡು ದಿನದಿಂದ ಬಾಗಿಲು ತೆರೆಯದ ಹುಡುಗ, ಖಾನಾವಳಿಗೆ ಹೋಗುವುದನ್ನು ಬಿಟ್ಟ ಹುಡುಗಿ ಮೊದಲು ಕಣ್ಣಿಗೆ ಬೀಳುವುದು ದೂರದ ತಂದೆತಾಯಿಗಳಿಗಲ್ಲ, ಮನೆಯ ಮಾಲೀಕರಿಗೆ, ಪಕ್ಕದ ಖೋಲಿಯ ಗೆಳೆಯರಿಗೆ. 'ಯಾಕಪಾ, ಎರಡ ದಿನಾ ಆತು, ಕಾಣವಲ್ಲಿ?' ಎಂಬ ಒಂದು ಮಾತು, ಹಬ್ಬದ ದಿನ ಒಂದು ತಟ್ಟೆ ಊಟ ಇಷ್ಟರಿಂದ ದೊಡ್ಡ ಅನಾಹುತವೊಂದು ತಪ್ಪಬಹುದು.

ವೈದ್ಯರ ಬಳಿಗೆ ಯಾವಾಗ?

ಮನೆಯ ಪ್ರೀತಿಗೂ ಒಂದು ಮಿತಿಯಿದೆ. ಬೇಸರ, ನಿರಾಸಕ್ತಿ, ನಿದ್ರಾಹೀನತೆ, ತಾನು ನಿಷ್ಪ್ರಯೋಜಕ ಎಂಬ ಭಾವನೆ ಇವು ಎರಡು ವಾರಗಳಾದರೂ ಬಿಡದೆ ದಿನದ ಹೆಚ್ಚು ಹೊತ್ತು ಕಾಡುತ್ತಿದ್ದರೆ ಅದು ಬರಿಯ ಒತ್ತಡವಾಗಿರದೆ ಖಿನ್ನತೆಯಾಗಿರಬಹುದು. ಆಗ ವೈದ್ಯರನ್ನು ಕಾಣಬೇಕು. ಸಾಯುವ ಮಾತನ್ನು ಯಾರಾದರೂ ಆಡಿದರೆ ಒಂದು ದಿನವೂ ತಡಮಾಡಬಾರದು. ಅವರನ್ನು ಒಬ್ಬರನ್ನೇ ಬಿಡಬಾರದು. 'ಸಾಯಬೇಕು ಅನಿಸುತ್ತಿದೆಯೇ?' ಎಂದು ಮೆಲ್ಲಗೆ ನೇರವಾಗಿ ಕೇಳುವುದರಿಂದ ಆ ವಿಚಾರ ಹೊಸದಾಗಿ ಹುಟ್ಟುವುದಿಲ್ಲ; ಬದಲಾಗಿ, ಹೇಳಿಕೊಳ್ಳಲು ದಾರಿಯಾಗುತ್ತದೆ.

ಧಾರವಾಡದವರಿಗೆ ಇದಕ್ಕಾಗಿ ದೂರ ಹೋಗಬೇಕಾಗಿಲ್ಲ. ಬೆಳಗಾವಿ ರಸ್ತೆಯಲ್ಲಿರುವ ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ಡಿಮ್ಹಾನ್ಸ್, 1845ರಲ್ಲಿ ಆರಂಭವಾದ ಆಸ್ಪತ್ರೆಯಿಂದ ಬೆಳೆದುಬಂದುದು. ಹಿಂದಿನವರು ಅದನ್ನು ಹುಚ್ಚಾಸ್ಪತ್ರೆ ಎಂದು ಕರೆದರು. ಆ ಹೆಸರಿನ ಅಂಜಿಕೆ ಇಂದಿಗೂ ಅನೇಕ ಮನೆಗಳನ್ನು ಅದರ ಬಾಗಿಲಿನಿಂದ ದೂರವಿಟ್ಟಿದೆ. ನಿದ್ರೆ ಬಾರದವರು, ಚಿಂತೆ ಕಾಡುವವರು, ಕುಡಿತ ಬಿಡಬೇಕೆನ್ನುವವರು ಇಂತಹ ಸಂಸ್ಥೆಗಳ ಹೊರರೋಗಿ ವಿಭಾಗಕ್ಕೆ ಬಂದು ಸಲಹೆ ಪಡೆದು ಅದೇ ದಿನ ಮನೆಗೆ ಮರಳುತ್ತಾರೆ ಎಂಬುದು ಬಹಳ ಜನರಿಗೆ ತಿಳಿಯದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ಖಿನ್ನತೆಯುಳ್ಳವರಲ್ಲಿ ಶೇ. 80ಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ನಾಚಿಕೆಯೂ ಇದಕ್ಕೆ ಒಂದು ಮುಖ್ಯ ಕಾರಣ.

ಮನೆಯಿಂದ ಹೊರಡಲು ಸಂಕೋಚವಾದರೆ ಫೋನಿನ ಮೂಲಕವೇ ಆರಂಭಿಸಬಹುದು. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭವಾದ ಟೆಲಿ-ಮಾನಸ್ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿನಲ್ಲಿಯೂ, ಉಚಿತವಾಗಿ, ಕನ್ನಡದಲ್ಲಿ ಅಲ್ಲಿ ಮಾತನಾಡಬಹುದು. 2018ರ ಮೇ ತಿಂಗಳಿನಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ಇಂತಹ ಚಿಕಿತ್ಸೆಯನ್ನು ಪ್ರತಿಯೊಬ್ಬ ನಾಗರಿಕನ ಹಕ್ಕೆಂದು ಸಾರಿದೆ. ಜೀವ ತೆಗೆದುಕೊಳ್ಳಲು ಯತ್ನಿಸಿದವನನ್ನು ಅಪರಾಧಿಯೆಂದು ಕಾಣದೆ ತೀವ್ರ ಒತ್ತಡಕ್ಕೆ ಒಳಗಾದವನೆಂದು ಭಾವಿಸಿ ಆರೈಕೆ ಮಾಡಬೇಕೆಂದು ಹೇಳಿದೆ. ಔಷಧ ಕೊಟ್ಟರೆ ಅದರ ಗುಣ ಕಾಣಲು ಕೆಲವು ವಾರಗಳು ಬೇಕಾಗುತ್ತವೆ. ಸ್ವಲ್ಪ ಗುಣವಾದೊಡನೆ ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಪ್ರಾರ್ಥನೆಯೊಂದೇ ಸಾಲದೇ ಎಂದು ಕೆಲವರು ಕೇಳುತ್ತಾರೆ. ಕಾಲು ಮುರಿದಾಗ ನಾವು ಪ್ರಾರ್ಥಿಸುತ್ತೇವೆ, ಮೂಳೆಯನ್ನೂ ಕೂಡಿಸಿಕೊಳ್ಳುತ್ತೇವೆ. ಮನಸ್ಸಿಗೂ ಅದೇ ನ್ಯಾಯ. ಪಾಪನಿವೇದನೆಯ ಪೀಠ ಪಾಪಕ್ಕೆ. ಖಿನ್ನತೆ ಪಾಪವಲ್ಲ, ರೋಗ. 1992ರಲ್ಲಿ ಹೊರಬಂದ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಆತ್ಮಹತ್ಯೆಯ ವಿಷಯದಲ್ಲಿ, ತೀವ್ರವಾದ ಮಾನಸಿಕ ಕ್ಲೇಶವು ಮನುಷ್ಯನ ಹೊಣೆಯನ್ನು ಕುಗ್ಗಿಸುತ್ತದೆಂದು ಒಪ್ಪಿದೆ; ಹಾಗೆ ಅಗಲಿದವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದೆಂದು ಬೋಧಿಸಿದೆ. ಇಂತಹ ದುಃಖವನ್ನು ಕಂಡ ಮನೆಗಳಿಂದ ನಾವು ದೂರ ಸರಿಯದೆ ಹತ್ತಿರ ಹೋಗಬೇಕು.

ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕುಟುಂಬವನ್ನು ಮನೆಯೊಳಗಿನ ಧರ್ಮಸಭೆ ಎಂದು ಕರೆಯಿತು. ಧರ್ಮಸಭೆಯ ಬಾಗಿಲಲ್ಲಿ ಯಾರಿಗೂ ಅಂಕಪಟ್ಟಿ ಕೇಳುವುದಿಲ್ಲ. ಈ ವಾರ ಸಪ್ತಾಪುರದ ಖೋಲಿಯಿಂದಾಗಲಿ ಬೇರೆ ಊರಿನಿಂದಾಗಲಿ ನಿಮ್ಮ ಮಗನೋ ಮಗಳೋ ಫೋನು ಮಾಡಿದರೆ ಫಲಿತಾಂಶದ ಮಾತನ್ನು ಸ್ವಲ್ಪ ಬದಿಗಿಡಿ. ಊಟವಾಯಿತೇ, ನಿದ್ರೆ ಬಂತೇ ಎಂದು ಕೇಳಿ. ಆಮೇಲೆ ಅವರು ಹೇಳುವುದನ್ನು ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಿ.